ಕೋನಮಾಪಕ ಮುಟ್ಟದೆ ಕೋನ ಕಂಡುಹಿಡಿಯುವುದು

ಚಿತ್ರದಲ್ಲೊಂದು ತ್ರಿಭುಜ. ಎರಡು ಕೋನಗಳ ಅಳತೆ ಬರೆದಿದೆ, ಮೂರನೆಯದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಇಂಥ ಲೆಕ್ಕ ಕಂಡ ಕೂಡಲೇ ಬಹಳಷ್ಟು ಮಕ್ಕಳ ಕೈ ಜಾಮಿಟ್ರಿ ಬಾಕ್ಸಿನತ್ತ ಹೋಗುತ್ತದೆ. ಕೋನಮಾಪಕ ಇಟ್ಟು, ಕಣ್ಣು ಕಿರಿದಾಗಿಸಿ, 63 ಎಂದು ಬರೆಯುತ್ತಾರೆ. ಸರಿಯುತ್ತರ 65 ಆಗಿರುತ್ತದೆ. ತಪ್ಪು ಕೋನಮಾಪಕದ್ದಲ್ಲ. ಪ್ರಶ್ನೆಪತ್ರಿಕೆಯ ಚಿತ್ರ ಅಳತೆಗೆ ತಕ್ಕಂತೆ ಇರಲೇಬೇಕೆಂಬ ನಿಯಮವಿಲ್ಲ. ಅದು ಯಾವ ಗೆರೆ ಎಲ್ಲಿ ಸೇರುತ್ತದೆ ಎಂಬುದನ್ನಷ್ಟೇ ತೋರಿಸುತ್ತದೆ. ಇಂಥ ಲೆಕ್ಕದಲ್ಲಿ ಕೋನವನ್ನು ಅಳೆಯಬಾರದು, ಕಾರಣ ಕೊಟ್ಟು ಕಂಡುಹಿಡಿಯಬೇಕು.

ಮಂಡ್ಯದಲ್ಲಿ ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ನಾನು ನೋಡುವುದೇನೆಂದರೆ, ಈ ಪಾಠದಲ್ಲಿ ಸೂತ್ರ ಮರೆತು ಎಡವುವವರು ಕಡಿಮೆ. ಸೂತ್ರ ಬಾಯಿಗೆ ಬರುತ್ತದೆ. ಯಾವ ಸೂತ್ರ ಎಲ್ಲಿ ಎನ್ನುವುದು ಹೊಳೆಯುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಸೂತ್ರಗಳಿಗಿಂತ ಅವುಗಳನ್ನು ಬಳಸುವ ಕ್ರಮಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವ ಅಪ್ಪ ಅಮ್ಮಂದಿರೂ ಪೆನ್ಸಿಲ್, ಸ್ಕೇಲು, ಬಿಳಿ ಹಾಳೆ ಇಟ್ಟುಕೊಂಡೇ ಓದಿ. ಬಿಂದುಗಳಿಗೆ ಪಠ್ಯಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರಗಳಿರುತ್ತವೆ. ಇಲ್ಲಿ ಅ, ಬ, ಕ, ಡ ಎಂದು ಕರೆಯುತ್ತೇನೆ.

ಮೊದಲು ಚಿತ್ರ ಬಿಡಿಸಿ

ಪುಸ್ತಕದ ಚಿತ್ರ ಹೆಬ್ಬೆರಳಿನಷ್ಟು ಇರುತ್ತದೆ. ಅದರೊಳಗೆ ಐದಾರು ಸಂಖ್ಯೆ ತುರುಕಿದರೆ ಯಾವ ಸಂಖ್ಯೆ ಯಾವ ಕೋನದ್ದು ಎಂದೇ ತಿಳಿಯುವುದಿಲ್ಲ. ಅರ್ಧ ಪುಟದಷ್ಟು ದೊಡ್ಡದಾಗಿ ಮತ್ತೆ ಬಿಡಿಸಿಕೊಳ್ಳಿ. ಸಮ ಬಾಹುಗಳಿಗೆ ಅಡ್ಡ ಗೀಟು, ಸಮಾಂತರ ರೇಖೆಗಳಿಗೆ ಬಾಣದ ಗುರುತು, ಲಂಬ ಕೋನಕ್ಕೆ ಮೂಲೆಯಲ್ಲಿ ಪುಟ್ಟ ಚೌಕ ಹಾಕಿ. ಪ್ರಶ್ನೆಯ ವಾಕ್ಯದಲ್ಲಿರುವ ಪ್ರತಿಯೊಂದು ಮಾಹಿತಿಯೂ ಚಿತ್ರಕ್ಕೆ ಇಳಿಯಬೇಕು. 'ಅಬ = ಅಕ' ಎಂದು ಪ್ರಶ್ನೆಯಲ್ಲಿದ್ದು ಚಿತ್ರದಲ್ಲಿ ಗೀಟು ಇಲ್ಲದಿದ್ದರೆ, ಲೆಕ್ಕದ ನಡುವೆ ಅದು ಮರೆತುಹೋಗುವುದು ಖಂಡಿತ.

ಹಾಗೆಯೇ, ಪ್ರಶ್ನೆಯಲ್ಲಿ ಇಲ್ಲದ್ದನ್ನು ಚಿತ್ರದಿಂದ ಎತ್ತಿಕೊಳ್ಳಬೇಡಿ. ಎರಡು ಗೆರೆಗಳು ಸಮಾಂತರವಾಗಿ ಕಂಡವು ಎಂದ ಮಾತ್ರಕ್ಕೆ ಸಮಾಂತರವಲ್ಲ. ಮೂಲೆ ನೆಟ್ಟಗೆ ಕಂಡಿತು ಎಂದು 90 ಹಾಕುವಂತಿಲ್ಲ. ಚಿತ್ರದಿಂದ ನಂಬಿಕೆಯಿಂದ ತೆಗೆದುಕೊಳ್ಳಬಹುದಾದ್ದು ಒಂದೇ: ಒಂದೇ ಗೆರೆಯಂತೆ ಎಳೆದಿರುವುದು ಒಂದೇ ಸರಳರೇಖೆ.

ಗೆರೆಯ ಮೇಲೆ, ಬಿಂದುವಿನ ಸುತ್ತ

ಸರಳರೇಖೆಯ ಮೇಲಿನ ಒಂದು ಬಿಂದುವಿನಿಂದ ಮೇಲಕ್ಕೆ ಇನ್ನೊಂದು ಗೆರೆ ಹೊರಟರೆ ಅಕ್ಕಪಕ್ಕ ಎರಡು ಕೋನಗಳಾಗುತ್ತವೆ. ಅವುಗಳ ಮೊತ್ತ 180°. ಪಠ್ಯದಲ್ಲಿ ಇದಕ್ಕೆ ಸರಳ ಯುಗ್ಮ ಎನ್ನುತ್ತಾರೆ. ಒಂದು 112 ಆದರೆ ಇನ್ನೊಂದು 68. ಒಂದರ ಬದಲು ಮೂರು ಗೆರೆ ಹೊರಟು ನಾಲ್ಕು ಕೋನಗಳಾದರೂ ಗೆರೆಯ ಒಂದು ಬದಿಯ ಒಟ್ಟು ಮೊತ್ತ ಅದೇ 180. ಪೂರಕ ಕೋನ ಎಂದರೆ ಮೊತ್ತ 90, ಪರಿಪೂರಕ ಎಂದರೆ 180. ಈ ಎರಡು ಹೆಸರುಗಳನ್ನು ಅದಲುಬದಲು ಮಾಡುವವರು ತುಂಬ. ಉದ್ದದ ಹೆಸರಿಗೆ ದೊಡ್ಡ ಸಂಖ್ಯೆ ಎಂದು ಇಟ್ಟುಕೊಳ್ಳಿ, ಸಾಕು.

ಬಿಂದುವಿನ ಸುತ್ತ ಪೂರ್ತಿ ಒಂದು ಸುತ್ತು ಬಂದರೆ 360°. ಮೈಸೂರಿನಲ್ಲಿ ವೃತ್ತಗಳಿಗೇನೂ ಬರವಿಲ್ಲ. ಐದು ರಸ್ತೆ ಕೂಡುವ ಒಂದು ವೃತ್ತವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅಕ್ಕಪಕ್ಕದ ರಸ್ತೆಗಳ ನಡುವಿನ ನಾಲ್ಕು ಕೋನಗಳು 75, 60, 85, 80 ಎಂದು ಕೊಟ್ಟರೆ ಅವುಗಳ ಮೊತ್ತ 300, ಉಳಿದ ಕೋನ 60.

ಮೈಸೂರಿನ ದೊಡ್ಡ ಗಡಿಯಾರದ ಕೆಳಗೆ ನಿಂತು ಕೇಳಬಹುದಾದ ಪ್ರಶ್ನೆಯೂ ಇದೇ ಜಾತಿಯದು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವದ ನೆನಪಿಗೆ ಕಟ್ಟಿದ ಗಡಿಯಾರವದು. ಮೂರೂವರೆ ಗಂಟೆಯಲ್ಲಿ ಎರಡು ಮುಳ್ಳುಗಳ ನಡುವಿನ ಕೋನ ಎಷ್ಟು? 90 ಎಂಬ ಉತ್ತರ ತಟ್ಟನೆ ಬರುತ್ತದೆ, ತಪ್ಪು. 360 ಅನ್ನು 12 ಮನೆಗಳಿಗೆ ಹಂಚಿದರೆ ಒಂದು ಮನೆಗೆ 30. ದೊಡ್ಡ ಮುಳ್ಳು ಆರರ ಮೇಲಿದೆ. ಚಿಕ್ಕ ಮುಳ್ಳು ಮೂರರ ಮೇಲಿಲ್ಲ, ಮೂರಕ್ಕೂ ನಾಲ್ಕಕ್ಕೂ ಸರಿಯಾಗಿ ನಡುವೆ ಬಂದಿದೆ. ನಾಲ್ಕರಿಂದ ಆರಕ್ಕೆ ಎರಡು ಮನೆ, ಅಂದರೆ 60. ಅದಕ್ಕೆ ಅರ್ಧ ಮನೆಯ 15 ಸೇರಿಸಿ. ಉತ್ತರ 75°.

ಒಂದನ್ನೊಂದು ದಾಟುವ ಗೆರೆಗಳು

ಎರಡು ಸರಳರೇಖೆಗಳು ಒಂದನ್ನೊಂದು ದಾಟಿದರೆ ನಾಲ್ಕು ಕೋನಗಳಾಗುತ್ತವೆ. ಎದುರುಬದುರು ಇರುವವು ಶೃಂಗಾಭಿಮುಖ ಕೋನಗಳು, ಅವು ಸಮ. ಒಂದು 64 ಎಂದು ತಿಳಿದರೆ ಎದುರಿನದೂ 64, ಉಳಿದೆರಡು ತಲಾ 116. ಏಕೆ ಸಮ ಎಂದು ಕೇಳಿದರೆ 'ಎದುರಿಗಿದೆ' ಎನ್ನುವುದು ಉತ್ತರವಲ್ಲ. ಪಕ್ಕದ 116ನ್ನು 180 ಮಾಡಲು ಈ ಕಡೆಯಿಂದ 64 ಬೇಕು, ಆ ಕಡೆಯಿಂದಲೂ 64 ಬೇಕು, ಅದಕ್ಕೆ ಸಮ.

ಈ ಕಾರಣ ಗೊತ್ತಿದ್ದರೆ ಒಂದು ಬಲೆಯಿಂದ ತಪ್ಪಿಸಿಕೊಳ್ಳಬಹುದು. ಕೆಲವು ಚಿತ್ರಗಳಲ್ಲಿ ಒಂದು ಬಿಂದುವಿನಿಂದ ನಾಲ್ಕು ಗೆರೆ ಹೊರಟಿರುತ್ತವೆ, ಆದರೆ ಅವು ಎರಡು ನೇರ ಗೆರೆಗಳು ದಾಟಿದ್ದಲ್ಲ. ಒಂದು ಕಡೆ ಸ್ವಲ್ಪ ಬಾಗಿರುತ್ತದೆ. ಅಲ್ಲಿ ಎದುರಿನ ಕೋನ ಸಮ ಎಂದು ಬರೆದರೆ ಲೆಕ್ಕ ಅಲ್ಲಿಗೇ ಹಳಿ ತಪ್ಪಿತು.

ರೈಲುಹಳಿ ಮತ್ತು ಓರೆ ರಸ್ತೆ

ಬೆಂಗಳೂರು–ಮೈಸೂರು ರೈಲುಮಾರ್ಗ ಮಂಡ್ಯದ ಮೂಲಕವೇ ಹಾದುಹೋಗುತ್ತದೆ. ನೇರವಾಗಿ ಸಾಗುವ ಜಾಗದಲ್ಲಿ ಒಂದು ಮಾರ್ಗದ ಎರಡು ಹಳಿಗಳನ್ನು ತೆಗೆದುಕೊಳ್ಳಿ. ಅವು ಸಮಾಂತರ. ಒಂದು ರಸ್ತೆ ಆ ಹಳಿಗಳನ್ನು ಓರೆಯಾಗಿ ದಾಟುತ್ತದೆ ಎಂದುಕೊಳ್ಳಿ. ಅದು ಛೇದಕ ರೇಖೆ. ಮೇಲಿನ ಹಳಿಯ ಬಳಿ ನಾಲ್ಕು, ಕೆಳಗಿನ ಹಳಿಯ ಬಳಿ ನಾಲ್ಕು, ಒಟ್ಟು ಎಂಟು ಕೋನಗಳು.

ಮಕ್ಕಳು ಹೆದರುವುದು ಇಲ್ಲಿ. ಎಂಟು ಕೋನ, ನಾಲ್ಕೈದು ಹೆಸರು: ಅನುರೂಪ, ಪರ್ಯಾಯ, ಒಂದೇ ಬದಿಯ ಒಳಕೋನ. ನಾನು ಹೆಸರುಗಳನ್ನು ಆಮೇಲೆ ಹೇಳಿಕೊಡುತ್ತೇನೆ. ಮೊದಲು ಗಮನಿಸಬೇಕಾದ್ದು, ಎಂಟು ಕೋನಗಳಲ್ಲಿ ಇರುವುದು ಎರಡೇ ಅಳತೆ. ರಸ್ತೆ ಹಳಿಯನ್ನು ಓರೆಯಾಗಿ ದಾಟಿದರೆ ನಾಲ್ಕು ಚಿಕ್ಕ ಕೋನಗಳು, ನಾಲ್ಕು ದೊಡ್ಡ ಕೋನಗಳು. ಚಿಕ್ಕವೆಲ್ಲ ಒಂದಕ್ಕೊಂದು ಸಮ. ದೊಡ್ಡವೆಲ್ಲ ಒಂದಕ್ಕೊಂದು ಸಮ. ಒಂದು ಚಿಕ್ಕದು, ಒಂದು ದೊಡ್ಡದು ಸೇರಿದರೆ 180. ಒಂದು ಕೋನ 58 ಎಂದು ಕೊಟ್ಟರೆ ಉಳಿದ ಏಳೂ ಸಿಕ್ಕಿದಂತೆ: ಮೂರು 58, ನಾಲ್ಕು 122. ಬೇಕಾದರೆ ಚಿಕ್ಕವಕ್ಕೆಲ್ಲ ಒಂದು ಬಣ್ಣ, ದೊಡ್ಡವಕ್ಕೆಲ್ಲ ಇನ್ನೊಂದು ಬಣ್ಣ ಬಳಿದು ನೋಡಿ.

ಹೆಸರುಗಳು ಬೇಕಾಗುವುದು ಕಾರಣ ಬರೆಯುವಾಗ. ಎರಡೂ ಹಳಿಗಳ ಬಳಿ ಒಂದೇ ಜಾಗದಲ್ಲಿ ಕೂತ ಕೋನಗಳು, ಉದಾಹರಣೆಗೆ ಎರಡೂ ಕಡೆ ಬಲಮೇಲಿನ ಮೂಲೆ, ಅನುರೂಪ ಕೋನಗಳು; ಸಮ. ಎರಡು ಹಳಿಗಳ ನಡುವೆ ಇದ್ದು, ರಸ್ತೆಯ ಆ ಬದಿಗೊಂದು ಈ ಬದಿಗೊಂದು ಇರುವವು ಪರ್ಯಾಯ ಕೋನಗಳು, ಅವೂ ಸಮ. ಹಳಿಗಳ ನಡುವೆ ರಸ್ತೆಯ ಒಂದೇ ಬದಿಯಲ್ಲಿ ಇರುವವು ಒಂದೇ ಬದಿಯ ಒಳಕೋನಗಳು. ಅವುಗಳ ಮೊತ್ತ 180.

ಕೊನೆಯ ಜೋಡಿಯನ್ನು ಸಮ ಎಂದು ಬರೆದುಬಿಡುವುದೇ ಈ ಪಾಠದ ಅತಿ ಸಾಮಾನ್ಯ ತಪ್ಪು. ಒಂದು ಲೆಕ್ಕ ನೋಡೋಣ. ಸಮಾಂತರ ರೇಖೆಗಳ ನಡುವೆ, ಛೇದಕದ ಒಂದೇ ಬದಿಯಲ್ಲಿ ಎರಡು ಕೋನಗಳು: ಒಂದು 3ಎಕ್ಸ್ + 10, ಇನ್ನೊಂದು 2ಎಕ್ಸ್ + 20. ಸಮ ಎಂದು ತಿಳಿದವರು 3ಎಕ್ಸ್ + 10 = 2ಎಕ್ಸ್ + 20 ಎಂದು ಬರೆದು, ಎಕ್ಸ್ = 10, ಎರಡೂ ಕೋನ 40 ಎಂದು ಮುಗಿಸುತ್ತಾರೆ. ಸಮೀಕರಣ ಬಿಡಿಸಿದ್ದರಲ್ಲಿ ಒಂದು ತಪ್ಪೂ ಇಲ್ಲ, ಉತ್ತರ ಪೂರ್ತಿ ತಪ್ಪು. ಒಂದೇ ಬದಿಯ ಎರಡು ಒಳಕೋನಗಳೂ 40 ಆದರೆ ಆ ಗೆರೆಗಳು ಒಂದರ ಕಡೆಗೊಂದು ವಾಲಿ ಎಲ್ಲೋ ಸೇರಿಬಿಡುತ್ತವೆ, ಸಮಾಂತರವಾಗಿ ಉಳಿಯುವುದಿಲ್ಲ. ಸರಿಯಾದ ದಾರಿ ಹೀಗೆ:

(3ಎಕ್ಸ್ + 10) + (2ಎಕ್ಸ್ + 20) = 180
5ಎಕ್ಸ್ + 30 = 180
5ಎಕ್ಸ್ = 150, ಎಕ್ಸ್ = 30

ಕೋನಗಳು 100 ಮತ್ತು 80. ಎಕ್ಸ್ ಸಿಕ್ಕಿತೆಂದು ಪೆನ್ನು ಕೆಳಗಿಡಬೇಡಿ. ಪ್ರಶ್ನೆ ಕೇಳಿದ್ದು ಕೋನವನ್ನೇ ಹೊರತು ಎಕ್ಸ್ ಅನ್ನಲ್ಲ.

ಎರಡು ಬದುಗಳ ನಡುವೆ ಮುರಿದ ಗೆರೆ

ಈಗ ಸ್ವಲ್ಪ ಬುದ್ಧಿ ಕೇಳುವ ಚಿತ್ರ. ಗದ್ದೆಯ ಎರಡು ಬದುಗಳು ಸಮಾಂತರವಾಗಿ, ಒಂದು ಮೇಲೆ ಒಂದು ಕೆಳಗೆ, ಎಡದಿಂದ ಬಲಕ್ಕೆ ಹೋಗಿವೆ. ಮೇಲಿನ ಬದುವಿನ ಅ ಎಂಬಲ್ಲಿಂದ ಒಂದು ಪುಟ್ಟ ಕಾಲುವೆ ಬಲಕ್ಕೆ ಇಳಿಜಾರಾಗಿ ಬಂದು, ನಡುವಿನ ಪ ಎಂಬಲ್ಲಿ ತಿರುಗಿ, ಎಡಕ್ಕೆ ಇಳಿದು ಕೆಳಗಿನ ಬದುವನ್ನು ಬ ಎಂಬಲ್ಲಿ ಸೇರುತ್ತದೆ. ಅ ಬಳಿ ಬದುವಿನ ಬಲಭಾಗಕ್ಕೂ ಕಾಲುವೆಗೂ ನಡುವೆ 35°. ಬ ಬಳಿ ಬದುವಿನ ಬಲಭಾಗಕ್ಕೂ ಕಾಲುವೆಗೂ ನಡುವೆ 50°. ಪ ಬಳಿ ತಿರುವಿನ ಒಳಗಿನ ಕೋನ ಎಷ್ಟು?

ನೋಡುತ್ತ ಕೂತರೆ ಏನೂ ಸಿಗುವುದಿಲ್ಲ. ಇಲ್ಲಿ ಛೇದಕ ರೇಖೆ ಒಂದು ಬದುವಿನಿಂದ ಇನ್ನೊಂದು ಬದುವಿಗೆ ನೇರವಾಗಿ ಹೋಗಿಯೇ ಇಲ್ಲ, ನಡುವೆ ಮುರಿದಿದೆ. ಹಾಗಾಗಿ ಮೇಲೆ ಹೇಳಿದ ಯಾವ ಹೆಸರೂ ನೇರವಾಗಿ ಅಂಟುವುದಿಲ್ಲ. ಚಿತ್ರದಲ್ಲಿ ಇಲ್ಲದ ಗೆರೆಯೊಂದನ್ನು ನಾವೇ ಎಳೆಯಬೇಕು. ಪ ಮೂಲಕ ಎರಡೂ ಬದುಗಳಿಗೆ ಸಮಾಂತರವಾಗಿ ಒಂದು ಚುಕ್ಕೆ ಗೆರೆ ಎಳೆಯಿರಿ. ತಿರುವಿನ ಕೋನ ಈಗ ಎರಡು ಹೋಳಾಯಿತು. ಮೇಲಿನ ಹೋಳು ಅ ಬಳಿಯ ಕೋನಕ್ಕೆ ಪರ್ಯಾಯ, ಆದ್ದರಿಂದ 35. ಕೆಳಗಿನ ಹೋಳು ಬ ಬಳಿಯ ಕೋನಕ್ಕೆ ಪರ್ಯಾಯ, ಆದ್ದರಿಂದ 50. ಒಟ್ಟು 85°.

ಈ ಒಂದು ಲೆಕ್ಕವನ್ನು ಚೆನ್ನಾಗಿ ಅರಗಿಸಿಕೊಂಡ ಮಗುವಿಗೆ ಇಡೀ ಪಾಠ ಸಲೀಸು ಎಂಬುದು ನನ್ನ ಅನುಭವ. ಕೊಟ್ಟ ಚಿತ್ರಕ್ಕೆ ಒಂದು ಗೆರೆ ಸೇರಿಸಲು ನಮಗೆ ಅಧಿಕಾರವಿದೆ ಎಂಬುದೇ ಬಹಳ ಮಕ್ಕಳಿಗೆ ಹೊಸ ಸುದ್ದಿ. ಸಮಾಂತರ ಗೆರೆ ಎಳೆಯುವುದು ಒಂದು ಬಗೆ. ಅಪ ಗೆರೆಯನ್ನೇ ಕೆಳಗಿನ ಬದು ಮುಟ್ಟುವವರೆಗೆ ಮುಂದುವರಿಸುವುದು ಇನ್ನೊಂದು ಬಗೆ. ಹಾಗೆ ಮಾಡಿದರೆ ಅಲ್ಲೊಂದು ತ್ರಿಭುಜ ಹುಟ್ಟುತ್ತದೆ. ಹೊರಕೋನದ ನಿಯಮದಿಂದ ಅದೇ 85 ಬರುತ್ತದೆ. ಆ ನಿಯಮ ಓದಿದ ಮೇಲೆ ಇಲ್ಲಿಗೆ ಮರಳಿ ಪ್ರಯತ್ನಿಸಿ.

ತ್ರಿಭುಜದ 180

ತ್ರಿಭುಜದ ಮೂರು ಒಳಕೋನಗಳ ಮೊತ್ತ 180°. ಹಾಳೆಯಲ್ಲಿ ತ್ರಿಭುಜ ಕತ್ತರಿಸಿ, ಮೂರು ಮೂಲೆಗಳನ್ನು ಹರಿದು ಪಕ್ಕಪಕ್ಕ ಜೋಡಿಸಿದರೆ ನೇರ ಗೆರೆಯಾಗುವುದನ್ನು ಶಾಲೆಯಲ್ಲಿ ತೋರಿಸಿರುತ್ತಾರೆ. ಚಿಕ್ಕ ಮಕ್ಕಳಿಗೆ ಅದು ಚೆಂದ. ಆದರೆ ಹರಿದು ಜೋಡಿಸಿದ್ದು ಆ ಒಂದು ತ್ರಿಭುಜಕ್ಕೆ, ಅದೂ ಕಣ್ಣಳತೆಗೆ. ಎಲ್ಲ ತ್ರಿಭುಜಗಳಿಗೂ ಹೌದೆನ್ನಲು ಮತ್ತೆ ಸಮಾಂತರ ರೇಖೆಯೇ ಬೇಕು. ಇದನ್ನು ಒಂದು ಲೆಕ್ಕವಾಗಿಯೇ ಮಾಡೋಣ.

ಅಬಕ ಒಂದು ತ್ರಿಭುಜ. ಮೇಲಿನ ಶೃಂಗ ಅ ಮೂಲಕ ಬಕ ಬಾಹುವಿಗೆ ಸಮಾಂತರವಾಗಿ ಒಂದು ಗೆರೆ ಎಳೆದಿದೆ. ಆ ಗೆರೆಯ ಎಡಭಾಗಕ್ಕೂ ಅಬ ಬಾಹುವಿಗೂ ನಡುವೆ 52°, ಬಲಭಾಗಕ್ಕೂ ಅಕ ಬಾಹುವಿಗೂ ನಡುವೆ 61°. ತ್ರಿಭುಜದ ಮೂರು ಕೋನಗಳು ಯಾವುವು?

ಕೋನ ಬ = 52° (ಪರ್ಯಾಯ ಕೋನಗಳು)
ಕೋನ ಕ = 61° (ಪರ್ಯಾಯ ಕೋನಗಳು)
ಕೋನ ಅ = 180 − 52 − 61 = 67° (ಅ ಬಳಿ ಸರಳರೇಖೆಯ ಮೇಲಿನ ಕೋನಗಳು)

ಮೂರನ್ನೂ ಕೂಡಿಸಿದರೆ 180. ಗಮನಿಸಿ, ಇಲ್ಲಿ ತ್ರಿಭುಜದ ನಿಯಮವನ್ನು ನಾವು ಬಳಸಲೇ ಇಲ್ಲ. ಅದು ತಾನಾಗಿ ಬಂತು. 52, 61ರ ಜಾಗದಲ್ಲಿ ಬೇರೆ ಯಾವ ಅಳತೆ ಇಟ್ಟರೂ ಇದೇ ನಡೆಯುತ್ತದೆ. ಸಾಧನೆ ಎಂದು ಪರೀಕ್ಷೆಯಲ್ಲಿ ಕೇಳುವುದು ಇದನ್ನೇ.

ನಿಯಮ ಬಳಸುವುದು ಸುಲಭ. 47, 68 ಕೊಟ್ಟರೆ ಮೂರನೆಯದು 65. ಲಂಬಕೋನ ತ್ರಿಭುಜದಲ್ಲಿ ಒಂದು ಕೋನ ಆಗಲೇ 90 ತಿಂದುಬಿಟ್ಟಿರುವುದರಿಂದ ಉಳಿದೆರಡರ ಮೊತ್ತ 90. ಜಾಮಿಟ್ರಿ ಬಾಕ್ಸಿನ ಎರಡು ಮೂಲೆಮಟ್ಟಗಳನ್ನು ತೆಗೆದು ನೋಡಿ, ಒಂದರಲ್ಲಿ 30 ಮತ್ತು 60, ಇನ್ನೊಂದರಲ್ಲಿ 45 ಮತ್ತು 45. ಕೋನಗಳು 2:3:4 ಅನುಪಾತದಲ್ಲಿವೆ ಎಂದರೆ ಒಟ್ಟು 9 ಪಾಲು, ಒಂದು ಪಾಲಿಗೆ 20, ಕೋನಗಳು 40, 60, 80. ಚತುರ್ಭುಜ ಬಂದರೆ ಒಂದು ಕರ್ಣ ಎಳೆದು ಎರಡು ತ್ರಿಭುಜ ಮಾಡಿಕೊಳ್ಳಿ, ಮೊತ್ತ 360. ಪಂಚಭುಜವಾದರೆ ಮೂರು ತ್ರಿಭುಜ, 540.

ಎರಡು ಬಾಹು ಸಮವಾದಾಗ

ಸಮದ್ವಿಬಾಹು ತ್ರಿಭುಜದಲ್ಲಿ ಸಮ ಬಾಹುಗಳಿಗೆ ಎದುರಿಗಿರುವ ಕೋನಗಳು ಸಮ. 'ಎದುರಿಗಿರುವ' ಎಂಬ ಮಾತನ್ನು ಗಟ್ಟಿಯಾಗಿ ಹಿಡಿಯಬೇಕು. ಅಬ = ಅಕ ಆದರೆ ಅಬ ಬಾಹುವಿನ ಎದುರಿಗಿರುವುದು ಕೋನ ಕ, ಅಕ ಬಾಹುವಿನ ಎದುರಿಗಿರುವುದು ಕೋನ ಬ. ಸಮ ಇರುವುದು ಅವೆರಡು. ಪುಸ್ತಕದಲ್ಲಿ ಪಾದ ಯಾವಾಗಲೂ ಕೆಳಗಿರುವುದರಿಂದ ಮಕ್ಕಳು 'ಕೆಳಗಿನ ಎರಡು ಕೋನ ಸಮ' ಎಂದು ಕಲಿತುಬಿಡುತ್ತಾರೆ. ಅದೇ ತ್ರಿಭುಜವನ್ನು ಪಕ್ಕಕ್ಕೆ ಮಲಗಿಸಿ ಕೊಟ್ಟರೆ ಗೊಂದಲಕ್ಕೆ ಬೀಳುತ್ತಾರೆ. ಅಭ್ಯಾಸ ಮಾಡಿಸುವವರು ತ್ರಿಭುಜವನ್ನು ಬೇಕೆಂದೇ ವಾರೆಯಾಗಿ ಬಿಡಿಸಿಕೊಡಿ.

ಹೆಂಚಿನ ಮನೆಯ ಮುಂಭಾಗದ ಮಾಡು ಸಮದ್ವಿಬಾಹು ತ್ರಿಭುಜದ ಒಳ್ಳೆಯ ಉದಾಹರಣೆ. ಮೇಲಿನ ತುದಿಯಲ್ಲಿ ಎರಡು ಇಳಿಜಾರುಗಳ ನಡುವೆ 120° ಇದ್ದರೆ ಉಳಿದ 60ನ್ನು ಎರಡು ಪಾಲು ಮಾಡಿ; ಸೂರಿನ ಬಳಿ ತಲಾ 30.

'ಸಮದ್ವಿಬಾಹು ತ್ರಿಭುಜದ ಒಂದು ಕೋನ 40°, ಉಳಿದವು ಯಾವುವು?' ಎಂದು ಚಿತ್ರವಿಲ್ಲದೆ ಕೇಳಿದರೆ ಉತ್ತರ ಎರಡು. 40 ತುದಿಯ ಕೋನವಾದರೆ ಉಳಿದವು 70, 70. ಅದು ಪಾದದ ಕೋನವಾದರೆ ಉಳಿದವು 40, 100. ಎರಡನ್ನೂ ಬರೆಯಬೇಕು. 40ರ ಬದಲು 100 ಕೊಟ್ಟಿದ್ದರೆ? ಆಗ ಒಂದೇ ಉತ್ತರ, ಏಕೆಂದರೆ ಎರಡು 100 ಒಂದೇ ತ್ರಿಭುಜದಲ್ಲಿ ಹಿಡಿಸುವುದಿಲ್ಲ.

ಹೊರಕೋನ

ತ್ರಿಭುಜದ ಒಂದು ಬಾಹುವನ್ನು ಹೊರಕ್ಕೆ ಎಳೆದಾಗ ಆಗುವ ಕೋನ ಬಾಹ್ಯ ಕೋನ. ಪಕ್ಕದ ಒಳಕೋನವನ್ನು ಬಿಟ್ಟು, ದೂರದ ಎರಡು ಒಳಕೋನಗಳ ಮೊತ್ತಕ್ಕೆ ಅದು ಸಮ. ಆ ಎರಡಕ್ಕೆ ಪಠ್ಯದಲ್ಲಿ ಅಂತರಾಭಿಮುಖ ಕೋನಗಳು ಎನ್ನುತ್ತಾರೆ. ಕಾರಣ ಸರಳ: ಪಕ್ಕದ ಒಳಕೋನದ ಜೊತೆ ಸೇರಿ 180 ಆಗಲು ಹೊರಕೋನ ಎಷ್ಟು ಬೇಕೋ, ದೂರದ ಎರಡು ಕೋನಗಳು ಸೇರಿ ಅಷ್ಟೇ ಬೇಕು. ಯೂಕ್ಲಿಡ್ ತನ್ನ ಗ್ರಂಥದ ಮೊದಲ ಭಾಗದ 32ನೇ ಪ್ರಮೇಯದಲ್ಲಿ ಹೊರಕೋನದ ನಿಯಮವನ್ನೂ 180ರ ನಿಯಮವನ್ನೂ ಒಟ್ಟಿಗೇ ಸಾಧಿಸಿದ್ದಾನೆ. ಎರಡೂ ಒಂದೇ ಮಾತು.

ಹೊರಕೋನ 118, ದೂರದ ಒಂದು ಕೋನ 53 ಆದರೆ ಇನ್ನೊಂದು 118 − 53 = 65. ಈ ನಿಯಮವಿಲ್ಲದೆಯೂ ಮಾಡಬಹುದು: ಪಕ್ಕದ ಒಳಕೋನ 62, ಆಮೇಲೆ 180 − 62 − 53 = 65. ಎರಡು ಹೆಜ್ಜೆಯ ಬದಲು ಒಂದು ಹೆಜ್ಜೆ, ಲಾಭ ಅಷ್ಟೇ. ಆದರೆ ಸಂಖ್ಯೆಗಳಿಲ್ಲದ ಲೆಕ್ಕಗಳಲ್ಲಿ ಈ ಒಂದು ಹೆಜ್ಜೆ ಬಹಳ ದೂರ ಕರೆದೊಯ್ಯುತ್ತದೆ.

ಸಂಖ್ಯೆಯೇ ಇಲ್ಲದ ಲೆಕ್ಕ

ತ್ರಿಭುಜ ಅಬಕ. ಅಬ = ಅಕ. ಅಕ ಬಾಹುವಿನ ಮೇಲೆ ಡ ಎಂಬ ಬಿಂದು ಇದೆ; ಅಡ = ಡಬ = ಬಕ. ಕೋನ ಅ ಎಷ್ಟು?

ಒಂದೇ ಒಂದು ಡಿಗ್ರಿಯನ್ನೂ ಕೊಟ್ಟಿಲ್ಲ. 'ಪ್ರಶ್ನೆಯೇ ತಪ್ಪು' ಎಂದು ಪುಸ್ತಕ ಮುಚ್ಚುವವರೂ ಇದ್ದಾರೆ. ಇಲ್ಲಿ ಕೇಳಿದ ಕೋನವನ್ನೇ ದಿಟ್ಟಿಸುತ್ತ ಕೂರುವುದರಿಂದ ಪ್ರಯೋಜನವಿಲ್ಲ. ಅದಕ್ಕೆ ಎಕ್ಸ್ ಎಂದು ಹೆಸರಿಟ್ಟು, ಗೊತ್ತಾಗುವ ಕೋನಗಳನ್ನೆಲ್ಲ ಒಂದೊಂದಾಗಿ ತುಂಬುತ್ತ ಹೋಗಿ. ದೊಡ್ಡ ಚಿತ್ರ ಬಿಡಿಸಿ, ಡ ಮತ್ತು ಬ ಸೇರಿಸಿ, ಸಮ ಗೆರೆಗಳಿಗೆ ಗೀಟು ಹಾಕಿದ ಮೇಲೆ ಮುಂದಕ್ಕೆ ಓದಿ.

ತ್ರಿಭುಜ ಅಡಬ ನೋಡಿ. ಅಡ = ಡಬ, ಆದ್ದರಿಂದ ಅವುಗಳ ಎದುರಿನ ಕೋನಗಳು ಸಮ: ಕೋನ ಅಬಡ ಕೂಡ ಎಕ್ಸ್.
ಡ ಬಳಿ ಆ ತ್ರಿಭುಜದ ಹೊರಕೋನ ಬಡಕ. ಅದು ದೂರದ ಎರಡರ ಮೊತ್ತ: ಎಕ್ಸ್ + ಎಕ್ಸ್ = 2ಎಕ್ಸ್.
ತ್ರಿಭುಜ ಡಬಕ ನೋಡಿ. ಡಬ = ಬಕ, ಆದ್ದರಿಂದ ಕೋನ ಕ ಕೂಡ 2ಎಕ್ಸ್.
ದೊಡ್ಡ ತ್ರಿಭುಜಕ್ಕೆ ಬನ್ನಿ. ಅಬ = ಅಕ, ಆದ್ದರಿಂದ ಇಡೀ ಕೋನ ಅಬಕ, ಕೋನ ಕ ಅಷ್ಟೇ: 2ಎಕ್ಸ್.
ಮೂರರ ಮೊತ್ತ: ಎಕ್ಸ್ + 2ಎಕ್ಸ್ + 2ಎಕ್ಸ್ = 180. 5ಎಕ್ಸ್ = 180. ಎಕ್ಸ್ = 36.

ಕೋನ ಅ 36°, ಉಳಿದೆರಡು 72, 72. ತಾಳೆ ನೋಡೋಣ: ಕೋನ ಡಬಕ = 72 − 36 = 36; ತ್ರಿಭುಜ ಡಬಕದಲ್ಲಿ 36 + 72 + 72 = 180. ಸರಿಯಾಗಿದೆ. ಬಳಸಿದ್ದು ಬರೀ ಮೂರು ನಿಯಮ. ಒಂದು ಹೆಜ್ಜೆ ಸಿಕ್ಕ ಕೂಡಲೇ ಅದನ್ನು ಚಿತ್ರದಲ್ಲಿ ಬರೆಯದೆ ತಲೆಯಲ್ಲೇ ಇಟ್ಟುಕೊಂಡರೆ ಮೂರನೇ ಹೆಜ್ಜೆಗೆ ದಾರಿ ತಪ್ಪುತ್ತದೆ.

ಬರೆಯುವುದು, ತಾಳೆ ನೋಡುವುದು

ಪ್ರತಿ ಸಾಲಿನ ಮುಂದೆ ಕಾರಣ ಬರೆಯಿರಿ. ಮೌಲ್ಯಮಾಪನದಲ್ಲಿ ಹಂತಗಳಿಗೂ ಅಂಕವಿದೆ ಎಂಬುದಕ್ಕಲ್ಲ, ಅದೂ ನಿಜವಾದರೂ. ಕಾರಣ ಬರೆಯಲು ಹೊರಟಾಗ ಸುಳ್ಳು ಹೆಜ್ಜೆ ತಾನೇ ಸಿಕ್ಕಿಬೀಳುತ್ತದೆ. 'ಪರ್ಯಾಯ ಕೋನಗಳು' ಎಂದು ಬರೆಯುವಾಗ, ಈ ಗೆರೆಗಳು ಸಮಾಂತರ ಎಂದು ಯಾರು ಹೇಳಿದರು ಎಂಬ ಪ್ರಶ್ನೆ ಏಳಬೇಕು. ಉತ್ತರವಿಲ್ಲದಿದ್ದರೆ ಆ ಸಾಲು ಹೊಡೆದುಹಾಕಿ.

ಕೊನೆಗೆ ತಾಳೆ. ಸಿಕ್ಕ ಕೋನವನ್ನು ಚಿತ್ರದಲ್ಲಿಟ್ಟು, ಅದುವರೆಗೆ ಬಳಸದ ಒಂದು ತ್ರಿಭುಜದಲ್ಲೋ ಸರಳರೇಖೆಯಲ್ಲೋ 180 ಬರುತ್ತದೆಯೇ ನೋಡಿ. ಬಳಸಿದ ತ್ರಿಭುಜದಲ್ಲೇ ಮತ್ತೆ ಕೂಡಿಸಿದರೆ ತಾಳೆಯಾಗುವುದು ನಿಮ್ಮ ವ್ಯವಕಲನ ಮಾತ್ರ.

ನೆಲ ಅಳೆಯುವವರೂ ಇದನ್ನೇ ಮಾಡುತ್ತ ಬಂದಿದ್ದಾರೆ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಬ್ರಿಟಿಷ್ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್ಟನ್, ಯುದ್ಧ ಮುಗಿದ ಮೇಲೆ ದೇಶವನ್ನು ತ್ರಿಭುಜಗಳಾಗಿ ಕತ್ತರಿಸಿ ಅಳೆಯುವ ಯೋಜನೆ ಮುಂದಿಟ್ಟ. 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಸರಪಳಿಯಿಂದ ಅಳೆದು ಮಹಾ ತ್ರಿಕೋನಮಿತಿ ಸರ್ವೆಗೆ ಚಾಲನೆ ಕೊಟ್ಟ. ಇಂಥ ಸರ್ವೆಯಲ್ಲಿ ಒಂದು ಬಾಹುವನ್ನು ನೆಲದ ಮೇಲೆ ಅಳೆದರೆ ಸಾಕು, ಉಳಿದವು ಕೋನಗಳಿಂದ ಸಿಗುತ್ತವೆ. ಎರಡು ಕೋನ ಸಿಕ್ಕರೆ ಮೂರನೆಯದು ಲೆಕ್ಕದಲ್ಲೇ ಬರುತ್ತದೆ. ಆದರೂ ಸಾಧ್ಯವಾದಲ್ಲೆಲ್ಲ ಮೂರನ್ನೂ ಕೋನ ಅಳೆಯುವ ಉಪಕರಣವಾದ ಥಿಯೋಡೊಲೈಟ್‌ನಿಂದ ಅಳೆಯುವುದು ವಾಡಿಕೆ, ಮೊತ್ತ ನೋಡಿ ತಪ್ಪು ಹಿಡಿಯಲಿಕ್ಕೆ. ಬಲು ದೊಡ್ಡ ತ್ರಿಭುಜಗಳಲ್ಲಿ ಭೂಮಿಯ ಗುಂಡುತನದಿಂದಾಗಿ ಮೊತ್ತ 180ಕ್ಕಿಂತ ತುಸು ಹೆಚ್ಚೇ ಬರುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೋಟ್‌ಬುಕ್ಕಿನ ಹಾಳೆ ಚಪ್ಪಟೆ, ಆ ಚಿಂತೆ ನಮಗಿಲ್ಲ.

ಅಭ್ಯಾಸಕ್ಕೆ

ಒಂದು. ಎರಡು ಸರಳರೇಖೆಗಳು ದಾಟುತ್ತವೆ. ಒಂದು ಕೋನ ಪಕ್ಕದ ಕೋನದ ಮೂರರಷ್ಟಿದೆ. ನಾಲ್ಕೂ ಕೋನ ಬರೆಯಿರಿ.

ಎರಡು. ಸಮದ್ವಿಬಾಹು ತ್ರಿಭುಜದ ಒಂದು ಕೋನ 96°. ಉಳಿದವು?

ಮೂರು. ತ್ರಿಭುಜದ ಕೋನಗಳು ಎಕ್ಸ್, ಎಕ್ಸ್ + 20, ಎಕ್ಸ್ + 40.

ನಾಲ್ಕು. ಬದುಗಳ ನಡುವಿನ ಕಾಲುವೆ ಪ ಬಳಿ ಸರಿಯಾಗಿ ಲಂಬ ಕೋನದಲ್ಲಿ ತಿರುಗುತ್ತದೆ. ಅ ಬಳಿ 28°. ಬ ಬಳಿ?

ಐದು. ತ್ರಿಭುಜ ಅಬಕದಲ್ಲಿ ಕೋನ ಅ 70°. ಕೋನ ಬ ಮತ್ತು ಕೋನ ಕ ಇವುಗಳ ಅರ್ಧಕಗಳು ಓ ಎಂಬಲ್ಲಿ ಸೇರುತ್ತವೆ. ಕೋನ ಬಓಕ ಎಷ್ಟು? ಬ, ಕ ಎರಡನ್ನೂ ಬಿಡಿಬಿಡಿಯಾಗಿ ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಅವುಗಳ ಮೊತ್ತ ಸಾಕು.

ಉತ್ತರಗಳು: ಮೊದಲನೆಯದು 45, 135, 45, 135. ಎರಡನೆಯದು 42, 42. ಮೂರನೆಯದು 40, 60, 80. ನಾಲ್ಕನೆಯದು 62. ಐದನೆಯದರಲ್ಲಿ ಬ ಮತ್ತು ಕ ಮೊತ್ತ 110, ಅರ್ಧಗಳ ಮೊತ್ತ 55, ಆದ್ದರಿಂದ ಕೋನ ಬಓಕ 125°.